ಸುರಂಗ ಕೊರೆಯುವುದಕ್ಕೂ ಒಂದು ಓದು ಉಂಟು

ಮಂಗಳೂರಿನಿಂದ ಮುಂಬೈಗೆ ಕೊಂಕಣ ರೈಲಿನಲ್ಲಿ ಹೋದವರಿಗೆಲ್ಲ ಒಂದು ಅನುಭವ ಇದ್ದೇ ಇರುತ್ತದೆ. ಕಿಟಕಿಯ ಹೊರಗೆ ತೆಂಗಿನ ತೋಟ, ಹೊಳೆ, ಗದ್ದೆ ಕಾಣುತ್ತಿರುತ್ತದೆ. ಇದ್ದಕ್ಕಿದ್ದಂತೆ ಕತ್ತಲು. ಸದ್ದು ಜೋರಾಗುತ್ತದೆ, ಫೋನಿನ ಸಿಗ್ನಲ್ ಹೋಗುತ್ತದೆ, ಮಕ್ಕಳು ಬೊಬ್ಬೆ ಹಾಕುತ್ತಾರೆ. ಸ್ವಲ್ಪ ಹೊತ್ತಿಗೆ ಮತ್ತೆ ಬೆಳಕು. ನಾವು ತಿಂಡಿಯ ಪೊಟ್ಟಣ ಬಿಚ್ಚಿ ಮಾತು ಮುಂದುವರಿಸುತ್ತೇವೆ. ಆ ಗುಡ್ಡದೊಳಗೆ ದಾರಿ ಹೇಗಾಯಿತು, ಅದು ನಮ್ಮ ತಲೆ ಮೇಲೆ ಬೀಳದೆ ಹೇಗೆ ನಿಂತಿದೆ ಅಂತ ಯಾರೂ ಕೇಳುವುದಿಲ್ಲ.

1998ರ ಜನವರಿ 26ರಂದು ಪೂರ್ತಿ ಉದ್ದಕ್ಕೆ ರೈಲು ಓಡಲು ಶುರುವಾದ ಈ ದಾರಿ ಮಹಾರಾಷ್ಟ್ರದ ರೋಹಾದಿಂದ ನಮ್ಮ ಸುರತ್ಕಲ್ ಪಕ್ಕದ ತೋಕೂರಿನವರೆಗೆ ಸುಮಾರು 740 ಕಿ.ಮೀ. ಉಂಟು. ಇದರಲ್ಲಿ 90ಕ್ಕೂ ಹೆಚ್ಚು ಸುರಂಗಗಳಿವೆ. ರತ್ನಗಿರಿ ಸಮೀಪದ ಕರ್ಬುಡೆ ಸುರಂಗ ಒಂದೇ ಆರೂವರೆ ಕಿ.ಮೀ. ಈ ದಾರಿ ಕಟ್ಟುವಾಗ 74 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ 19 ಮಂದಿ ಸತ್ತದ್ದು ಬರೀ ಒಂಬತ್ತು ಸುರಂಗಗಳಲ್ಲಿ. ಆ ಒಂಬತ್ತೂ ಕಗ್ಗಲ್ಲಿನ ಸುರಂಗಗಳಲ್ಲ. ನೀರು ಕುಡಿದ ಮೆತ್ತನೆ ಮಣ್ಣಿನ ಸುರಂಗಗಳು.

ಕಲ್ಲು ಕೊರೆಯುವುದು ಕಷ್ಟ, ಮಣ್ಣು ಅಗೆಯುವುದು ಸುಲಭ ಅಂತ ನಾವೆಲ್ಲ ತಿಳಿದುಕೊಂಡಿದ್ದೇವೆ. ಸುರಂಗದಲ್ಲಿ ಲೆಕ್ಕ ಉಲ್ಟಾ. ಗಟ್ಟಿ ಕಲ್ಲು ಕೊರೆಯುವವನ ಕೈ ನೋಯಿಸುತ್ತದೆ, ಆದರೆ ಕೊರೆದ ಮೇಲೆ ತಾನೇ ನಿಲ್ಲುತ್ತದೆ. ಮೆತ್ತನೆ ಮಣ್ಣು ಸುಲಭವಾಗಿ ಬರುತ್ತದೆ, ಆಮೇಲೆ ಬರುತ್ತಲೇ ಇರುತ್ತದೆ. ಕೆಲಸ ಮುಗಿದು ವರ್ಷಗಳಾದ ಮೇಲೂ ಅದರ ಕಾಟ ತಪ್ಪುವುದಿಲ್ಲ. 2020ರ ಆಗಸ್ಟ್‌ನಲ್ಲಿ ಗೋವಾದ ಪೆರ್ನೆಂ ಸುರಂಗದ ಒಳಗೋಡೆ ಮಳೆಗೆ ಕುಸಿದು ರೈಲುಗಳನ್ನು ಬೇರೆ ದಾರಿಗೆ ತಿರುಗಿಸಬೇಕಾಯಿತು.

ಗುಂಡಿ ತೋಡುವುದಕ್ಕೆ ಎಂ.ಟೆಕ್ ಎಂತಕ್ಕೆ?

ಈ ವಿಷಯ ನಮ್ಮ ತಲೆಗೆ ಬಂದದ್ದು ಪರಿಚಯದ ಒಬ್ಬ ತಂದೆಯ ಪ್ರಶ್ನೆಯಿಂದ. ಅವರ ಮಗ ಸಿವಿಲ್‌ನಲ್ಲಿ ಬಿ.ಇ. ಮುಗಿಸಿದ್ದಾನೆ. ಸೌದಿಯಲ್ಲಿ ಸಂಬಂಧಿಕರ ಮೂಲಕ ಕೆಲಸವೂ ಸಿದ್ಧ ಉಂಟು. ಹುಡುಗ ಮಾತ್ರ ಸುರಂಗ ಕೊರೆಯುವ ತಂತ್ರ, ನೆಲಕ್ಕೆ ಆಧಾರ ಕೊಡುವ ತಂತ್ರ ಇದರಲ್ಲೇ ಇನ್ನೆರಡು ವರ್ಷ ಓದಬೇಕು ಅಂತ ಹಟ ಹಿಡಿದಿದ್ದಾನೆ. “ಉಸ್ತಾದ್, ನೀವೇ ಅವನಿಗೆ ಒಂದು ಮಾತು ಹೇಳಿ. ಗುಂಡಿ ತೋಡುವುದಕ್ಕೆ ಎಂ.ಟೆಕ್ ಎಂತಕ್ಕೆ?” ಅಂದರು.

ಎಂಜಿನಿಯರಿಂಗ್ ನಮ್ಮ ಕ್ಷೇತ್ರವಲ್ಲ. ಹಾಗಾಗಿ ಹೇಳುವ ಮೊದಲು ಹುಡುಗನನ್ನು ಕೂರಿಸಿ ಕೇಳಿದೆವು. “ಎಂತ ಮೋನೇ, ಅದರಲ್ಲಿ ಎಂತ ಕಲಿಸ್ತಾರೆ?” ಅವನ ಉತ್ತರ ಚಿಕ್ಕದಿತ್ತು: “ಉಸ್ತಾದ್, ಕೊರೆಯುವುದನ್ನು ಅಲ್ಲಿಯ ಕೆಲಸಗಾರರೇ ನಮಗಿಂತ ಚೆನ್ನಾಗಿ ಮಾಡ್ತಾರೆ. ಯಾವಾಗ ನಿಲ್ಲಿಸಬೇಕು ಅಂತ ಹೇಳುವವನು ಬೇಕಲ್ವಾ? ಅದನ್ನು ಕಲಿಸ್ತಾರೆ.” ಆಮೇಲೆ ಅವನು ತೋರಿಸಿದ ಪುಸ್ತಕಗಳನ್ನು ನೋಡಿದೆವು, ಗೊತ್ತಿದ್ದವರನ್ನು ವಿಚಾರಿಸಿದೆವು. ತಿಳಿದುಕೊಂಡದ್ದನ್ನು ಓದುಗರ ಮುಂದೆ ಇಡುತ್ತಿದ್ದೇವೆ. ಇದೇ ಪ್ರಶ್ನೆ ಇರುವ ಮನೆಗಳು ನಮ್ಮಲ್ಲಿ ಇನ್ನೂ ಇರಬಹುದು.

ನಮ್ಮೂರ ಸುರಂಗದ ಪಾಠ

ಮೊದಲ ಪಾಠ ಕಲಿಯಲು ದೂರ ಹೋಗಬೇಕಿಲ್ಲ. ಬಂಟ್ವಾಳ, ಪುತ್ತೂರು, ಕಾಸರಗೋಡು ಕಡೆಯ ಗುಡ್ಡಗಳಲ್ಲಿ ನೀರಿಗಾಗಿ ಕೊರೆದ ಸುರಂಗಗಳು ಇಂದೂ ಇವೆ. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಜಾಗ, ಅಡ್ಡಕ್ಕೆ ಗುಡ್ಡದೊಳಗೆ ಸಾಗುವ ದಾರಿ, ಕೊನೆಗೆ ಒಸರುವ ನೀರು. ಪಿಕ್ಕಾಸು, ಹಾರೆ, ಬುಟ್ಟಿ ಬಿಟ್ಟರೆ ಬೇರೆ ಯಂತ್ರವಿಲ್ಲ. ಒಳಗೆ ಗಾಳಿ ಸಾಲುತ್ತದೋ ಇಲ್ಲವೋ ಅಂತ ನೋಡಲು ದೀಪ ಇಟ್ಟುಕೊಳ್ಳುತ್ತಿದ್ದರು. ದೀಪ ಮಂಕಾದರೆ ಹೊರಗೆ ಬರಬೇಕು. ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು, ಹಲವು ಸಲ ನೀರು ಸಿಗದಿದ್ದರೂ ಬಿಡದೆ, ಕೊನೆಗೆ ನೀರು ತಂದು ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಈ ಸುರಂಗಗಳಿಗೆ ಕಂಬ ಇಲ್ಲ, ಕಾಂಕ್ರೀಟ್ ಇಲ್ಲ. ಮತ್ತೆ ಹೇಗೆ ನಿಂತಿವೆ? ಮುರಕಲ್ಲು ತನ್ನ ಭಾರವನ್ನು ತಾನೇ ಹೊರುತ್ತದೆ, ಅದಕ್ಕೆ. ಮಧ್ಯದಿಂದ ಸ್ವಲ್ಪ ಕಲ್ಲು ತೆಗೆದರೆ ಮೇಲಿನ ಭಾರ ಕಮಾನಿನ ಹಾಗೆ ಎರಡು ಬದಿಗೆ ಇಳಿಯುತ್ತದೆ. ಹಳೆಯ ಮಸೀದಿಯ ಬಾಗಿಲ ಕಮಾನು ನೋಡಿದ್ದೀರಲ್ಲ, ಹಾಗೆಯೇ. ಅದೇ ಗುಡ್ಡದಲ್ಲಿ ಮುರಕಲ್ಲಿನ ಪದರ ಮುಗಿದು ಶೇಡಿ ಮಣ್ಣು ಸಿಕ್ಕಿತೋ, ಅನುಭವಿ ಕೆಲಸಗಾರ ಕೈ ನಿಲ್ಲಿಸುತ್ತಾನೆ. ಶೇಡಿ ಮಣ್ಣು ಒಣಗಿದಾಗ ಗೋಡೆಯ ಹಾಗೆ ಇರುತ್ತದೆ, ನೀರು ತಾಗಿದರೆ ಗಂಜಿ.

ಜಗತ್ತಿನ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಸುರಂಗದ ಸ್ನಾತಕೋತ್ತರ ತರಗತಿಯ ಮೊದಲ ಪಾಠವೂ ಇದುವೇ. ಸುರಂಗವನ್ನು ಹೊರುವುದು ಮುಖ್ಯವಾಗಿ ಸುತ್ತಲಿನ ನೆಲ. ಎಂಜಿನಿಯರ್ ಹಾಕುವ ಉಕ್ಕು, ಕಾಂಕ್ರೀಟ್ ಆ ನೆಲಕ್ಕೆ ಕೊಡುವ ಸಹಾಯ. ಸಹಾಯ ಎಷ್ಟು ಬೇಕು, ಯಾವಾಗ ಬೇಕು ಅನ್ನುವುದೇ ವಿದ್ಯೆ.

ನೀರು ತಾಗಿದರೆ ಮಣ್ಣು ಯಾಕೆ ಸೋಲುತ್ತದೆ ಅನ್ನುವುದಕ್ಕೆ ಲೆಕ್ಕ ಕೊಟ್ಟವರು ಕಾರ್ಲ್ ಟೆರ್ಜಾಗಿ ಎಂಬ ಎಂಜಿನಿಯರ್. ಅವರು ಅದರ ಪ್ರಯೋಗಗಳನ್ನು ಮಾಡಿದ್ದು ಇಸ್ತಾಂಬುಲ್‌ನಲ್ಲಿ. 1916ರಲ್ಲಿ ಅಲ್ಲಿಯ ಉಸ್ಮಾನಿಯಾ ಸರ್ಕಾರದ ಎಂಜಿನಿಯರಿಂಗ್ ಶಾಲೆಗೆ ಪಾಠ ಮಾಡಲು ಬಂದವರು, ಅಲ್ಲೇ ವರ್ಷಗಟ್ಟಲೆ ಮಣ್ಣನ್ನು ಒತ್ತಿ, ಹಿಂಡಿ, ಅಳೆದು, 1925ರಲ್ಲಿ ಪುಸ್ತಕ ಬರೆದರು. ಮಣ್ಣಿನ ಕಣಗಳ ನಡುವೆ ಸಿಕ್ಕಿದ ನೀರು ಕಣಗಳನ್ನು ಒಂದರಿಂದ ಒಂದು ತಳ್ಳುತ್ತದೆ, ಆಗ ಮಣ್ಣಿನ ಹಿಡಿತ ಸಡಿಲವಾಗುತ್ತದೆ ಎಂಬುದು ಅವರ ಮುಖ್ಯ ಮಾತು. ಮಳೆಗಾಲದಲ್ಲಿ ನಮ್ಮ ಗುಡ್ಡಗಳು ಜರಿಯುವುದಕ್ಕೂ ಈ ಮಾತಿಗೂ ಸಂಬಂಧ ಉಂಟು.

20 ವರ್ಷದಿಂದ ಅರ್ಧ ಗಂಟೆಗೆ

ಹುಡುಗ ತೋರಿಸಿದ ಪುಸ್ತಕದಲ್ಲಿ ನಮ್ಮನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಒಂದು ಸಣ್ಣ ಪಟ್ಟಿ. ಅದನ್ನು ಹೇಳುವ ಮೊದಲು ಕಲ್ಲಿಗೆ ಅಂಕ ಹಾಕುವುದು ಹೇಗೆ ಅಂತ ಹೇಳಬೇಕು.

ಗುಡ್ಡದೊಳಗೆ ಕೊಳವೆ ಇಳಿಸಿ ಕಲ್ಲಿನ ಕಂಬದಂಥ ತುಂಡನ್ನು ಹೊರತೆಗೆಯುತ್ತಾರೆ. ಒಂದು ಮೀಟರ್ ತೆಗೆದರು ಅಂತ ಇಟ್ಟುಕೊಳ್ಳಿ. ಅದು ಒಂದೇ ತುಂಡಾಗಿ ಬರುವುದಿಲ್ಲ, ಚೂರು ಚೂರಾಗಿ ಬರುತ್ತದೆ. 10 ಸೆಂ.ಮೀ.ಗಿಂತ ಉದ್ದದ ತುಂಡುಗಳನ್ನು ಮಾತ್ರ ಜೋಡಿಸಿ ಅಳೆಯುತ್ತಾರೆ. ಅವು ಒಟ್ಟು 70 ಸೆಂ.ಮೀ. ಬಂದರೆ ಆ ಕಲ್ಲಿಗೆ ನೂರಕ್ಕೆ 70. ಇದಕ್ಕೆ ಆರ್‌ಕ್ಯೂಡಿ ಅಂತಾರೆ. ಇಷ್ಟೇ ಸಾಕಾಗುವುದಿಲ್ಲ. ಕಲ್ಲಿನ ಗಟ್ಟಿತನ, ಬಿರುಕುಗಳ ನಡುವಿನ ಅಂತರ, ಬಿರುಕಿನ ಮುಖ ಒರಟೋ ನಯವೋ, ಅದರೊಳಗೆ ಜೇಡಿ ತುಂಬಿದೆಯೋ, ನೀರು ಒಸರುತ್ತದೆಯೋ, ಬಿರುಕು ಯಾವ ದಿಕ್ಕಿಗೆ ವಾಲಿದೆ ಎಲ್ಲ ನೋಡಬೇಕು. ಇವನ್ನೆಲ್ಲ ಸೇರಿಸಿ 100ಕ್ಕೆ ಅಂಕ ಕೊಡುವ ಕ್ರಮವನ್ನು 1973ರಲ್ಲಿ ಬೀನಿಯಾವ್‌ಸ್ಕಿ ಎಂಬವರು ದಕ್ಷಿಣ ಆಫ್ರಿಕದಲ್ಲಿ ಮಾಡಿದರು. ಅದರ ಹೆಸರು ಆರ್‌ಎಂಆರ್. ಮರುವರ್ಷವೇ ನಾರ್ವೆಯಲ್ಲಿ ಬಾರ್ಟನ್ ಮತ್ತು ಜೊತೆಗಾರರು ‘ಕ್ಯೂ’ ಎಂಬ ಇನ್ನೊಂದು ಕ್ರಮ ತಂದರು. ಅದರಲ್ಲಿ ಅಂಕ 0.001ರಿಂದ 1000ದವರೆಗೆ ಹೋಗುತ್ತದೆ. ಇಂದಿಗೂ ನಮ್ಮ ಹಿಮಾಲಯದ ಸುರಂಗಗಳಲ್ಲಿ ಈ ಎರಡು ಲೆಕ್ಕಗಳನ್ನು ಬಳಸುತ್ತಾರೆ.

ಈಗ ಆ ಪಟ್ಟಿ. ಆಧಾರ ಕೊಡದೆ ಬಿಟ್ಟರೆ ಕೊರೆದ ಜಾಗ ಎಷ್ಟು ಹೊತ್ತು ನಿಂತೀತು ಎಂಬುದರ ಅಂದಾಜು ಅದರಲ್ಲಿದೆ. 80ಕ್ಕಿಂತ ಹೆಚ್ಚು ಅಂಕದ ಕಲ್ಲಿನಲ್ಲಿ 15 ಮೀಟರ್ ಅಗಲ ಕೊರೆದರೂ 20 ವರ್ಷ. ಎರಡನೇ ದರ್ಜೆಯಲ್ಲಿ 10 ಮೀಟರ್ ಅಗಲಕ್ಕೆ ಒಂದು ವರ್ಷ. ಮೂರನೇ ದರ್ಜೆಯಲ್ಲಿ 5 ಮೀಟರ್‌ಗೆ ಒಂದು ವಾರ. ನಾಲ್ಕನೇ ದರ್ಜೆಯಲ್ಲಿ ಎರಡೂವರೆ ಮೀಟರ್‌ಗೆ 10 ಗಂಟೆ. 20ಕ್ಕಿಂತ ಕಡಿಮೆ ಅಂಕದ ಐದನೇ ದರ್ಜೆಯಲ್ಲಿ ಒಂದೇ ಒಂದು ಮೀಟರ್ ಅಗಲಕ್ಕೆ ಬರೀ 30 ನಿಮಿಷ.

ಒಂದೇ ಗುಡ್ಡ, ಒಂದೇ ಸುರಂಗ. ನಿನ್ನೆ ಒಂದು ವಾರದ ಕಲ್ಲು ಇದ್ದಲ್ಲಿ ಇವತ್ತು ನಾಲ್ಕು ಹೆಜ್ಜೆ ಮುಂದೆ ಅರ್ಧ ಗಂಟೆಯ ಕಲ್ಲು ಬರಬಹುದು. ಕಣ್ಣಿಗೆ ಎರಡೂ ಕಪ್ಪಾಗಿ ಒಂದೇ ಥರ ಕಾಣಬಹುದು. ಸುರಂಗದ ಮುಖದ ಎದುರು ನಿಂತು, ಟಾರ್ಚ್ ಹಿಡಿದು, ಬಿರುಕುಗಳನ್ನು ನೋಡಿ, “ಇವತ್ತು ಮೂರು ಮೀಟರ್ ಬೇಡ, ಒಂದೇ ಮೀಟರ್ ಹೋಗಿ” ಅಂತ ಹೇಳುವ ಒಬ್ಬರು ಅಲ್ಲಿರಬೇಕು. ಅವರ ಹಿಂದೆ ನಿಂತಿರುವ ಕೆಲಸಗಾರರ ಜೀವ ಆ ಒಂದು ಮಾತಿನ ಮೇಲೆ ನಿಂತಿದೆ. ಹುಡುಗ ಹೇಳಿದ ‘ನಿಲ್ಲಿಸುವವನು’ ಇವನೇ.

ಕೊರೆಯುವುದು, ಹಿಡಿದು ನಿಲ್ಲಿಸುವುದು

ಕೊರೆಯುವ ಕ್ರಮ ಮುಖ್ಯವಾಗಿ ಎರಡು. ಒಂದು, ತೂತು ಹೊಡೆದು ಮದ್ದು ತುಂಬಿ ಸಿಡಿಸುವುದು. ಇದು ಸರದಿಯ ಕೆಲಸ. ತೂತು, ಮದ್ದು, ಸಿಡಿತ, ಹೊಗೆ ಹೋಗುವವರೆಗೆ ಕಾಯುವುದು, ನೇತಾಡುವ ಕಲ್ಲುಗಳನ್ನು ಉದುರಿಸುವುದು, ಮಣ್ಣು-ಕಲ್ಲು ಹೊರಗೆ ಸಾಗಿಸುವುದು, ಮುಖ ಪರೀಕ್ಷಿಸುವುದು, ಆಧಾರ ಕೊಡುವುದು. ಆಮೇಲೆ ಮತ್ತೆ ಮೊದಲಿನಿಂದ.

ಇನ್ನೊಂದು, ಟಿಬಿಎಂ ಎಂಬ ದೈತ್ಯ ಯಂತ್ರ. ಇದರ ಹಿಂದೆ ಒಂದು ಹುಳದ ಕಥೆ ಉಂಟು. ಮರದ ದೋಣಿ ಇಟ್ಟುಕೊಂಡ ನಮ್ಮ ಕಡಲ ಕರೆಯವರಿಗೆ ಮರ ಕೊರೆಯುವ ಹುಳದ ಉಪದ್ರ ಗೊತ್ತು. ಅದು ಗಟ್ಟಿ ತಲೆಯಿಂದ ಮರ ಕೊರೆಯುತ್ತಾ, ಹಿಂದಿನ ದಾರಿಗೆ ತಾನೇ ಸುಣ್ಣದಂಥ ಲೇಪ ಕೊಡುತ್ತಾ ಹೋಗುತ್ತದೆ. ಇದನ್ನು ನೋಡಿಯೇ ಮಾರ್ಕ್ ಬ್ರೂನೆಲ್ ಎಂಬ ಎಂಜಿನಿಯರ್‌ಗೆ ಯೋಚನೆ ಹೊಳೆಯಿತು ಅಂತಾರೆ. ಕೆಲಸಗಾರರನ್ನು ಕಬ್ಬಿಣದ ಚೌಕಟ್ಟಿನ ಒಳಗೆ ನಿಲ್ಲಿಸಿ, ಚೌಕಟ್ಟನ್ನು ಮುಂದೆ ತಳ್ಳುತ್ತಾ, ಹಿಂದೆ ಇಟ್ಟಿಗೆ ಕಟ್ಟುತ್ತಾ ಲಂಡನ್ನಿನ ಥೇಮ್ಸ್ ನದಿಯ ಅಡಿಯಲ್ಲಿ ಸುರಂಗ ಮಾಡಿಸಿದರು. 1825ರಲ್ಲಿ ಶುರುವಾದ ಕೆಲಸ ಮುಗಿದದ್ದು 1843ರಲ್ಲಿ. ಇಂದಿನ ಟಿಬಿಎಂ ಮಾಡುವುದೂ ಅದನ್ನೇ. ಮುಂದೆ ತಿರುಗುವ ಚಕ್ರ, ಹಿಂದೆ ಕಾಂಕ್ರೀಟಿನ ಉಂಗುರ. ಬೆಂಗಳೂರು ಮೆಟ್ರೊದ ಕಾಳೇನ ಅಗ್ರಹಾರ–ನಾಗವಾರ ಮಾರ್ಗದ 13.76 ಕಿ.ಮೀ. ನೆಲದಡಿ ಭಾಗಕ್ಕೆ ಇಂಥ ಒಂಬತ್ತು ಯಂತ್ರ ಇಳಿಸಿದ್ದರು. ತುಂಗಾ, ಭದ್ರಾ, ಊರ್ಜಾ, ವಿಂಧ್ಯಾ ಅಂತೆಲ್ಲ ಅವಕ್ಕೆ ಹೆಸರು.

ಹಿಡಿದು ನಿಲ್ಲಿಸುವ ಸಾಮಾನು ಹೀಗೆ: ಕಲ್ಲಿನೊಳಗೆ ಮೀಟರುಗಟ್ಟಲೆ ಉದ್ದದ ಕಬ್ಬಿಣದ ಸರಳು ಹೊಡೆದು ಪದರಗಳನ್ನು ಹೊಲಿದ ಹಾಗೆ ಸೇರಿಸುವುದು ರಾಕ್ ಬೋಲ್ಟ್. ಪೈಪಿನಿಂದ ಜೋರಾಗಿ ಚಿಮ್ಮಿಸಿ ಗೋಡೆಗೆ ಅಂಟಿಸುವ ಕಾಂಕ್ರೀಟ್ ಶಾಟ್‌ಕ್ರೀಟ್. ಅದೂ ಸಾಲದಿದ್ದರೆ ಉಕ್ಕಿನ ಕಮಾನು. ಇನ್ನೂ ಕೆಟ್ಟ ನೆಲವಾದರೆ ಕೊರೆಯುವ ಮೊದಲೇ ಮೇಲ್ಭಾಗದಲ್ಲಿ ಕೊಳವೆಗಳ ಸಾಲು ತೂರಿಸಿ ಕೊಡೆ ಹಿಡಿದ ಹಾಗೆ ಮಾಡುತ್ತಾರೆ.

ಎಷ್ಟು ಹಾಕಬೇಕು? ಅದಕ್ಕೂ ಮಾರ್ಗಸೂಚಿ ಉಂಟು. 10 ಮೀಟರ್ ಅಗಲದ ಸುರಂಗದಲ್ಲಿ ಒಂದನೇ ದರ್ಜೆಯ ಕಲ್ಲಾದರೆ ಪೂರ್ತಿ ಮುಖವನ್ನು ಒಮ್ಮೆಗೇ ಮೂರು ಮೀಟರ್ ಕೊರೆಯಬಹುದು, ಹೆಚ್ಚಿನ ಕಡೆ ಆಧಾರವೇ ಬೇಡ. ಐದನೇ ದರ್ಜೆಯಾದರೆ ಮುಖವನ್ನು ಭಾಗ ಮಾಡಿ, ಅರ್ಧದಿಂದ ಒಂದೂವರೆ ಮೀಟರ್ ಮಾತ್ರ ಮುಂದೆ ಹೋಗಿ, 5–6 ಮೀಟರ್ ಉದ್ದದ ಬೋಲ್ಟ್, ಮೇಲ್ಭಾಗಕ್ಕೆ 15ರಿಂದ 20 ಸೆಂ.ಮೀ. ಶಾಟ್‌ಕ್ರೀಟ್, ಮುಕ್ಕಾಲು ಮೀಟರಿಗೊಂದು ಉಕ್ಕಿನ ಕಮಾನು ಹಾಕಬೇಕು. ಕಡಿಮೆ ಹಾಕಿದರೆ ಜೀವ ಹೋಗುತ್ತದೆ. ಎಲ್ಲ ಕಡೆ ಹೆಚ್ಚು ಹಾಕಿದರೆ ಹಣ, ಸಮಯ ಹೋಗುತ್ತದೆ. ಅದು ರಸ್ತೆಯಲ್ಲಿ ಟೋಲ್ ಕೊಡುವ ನಮ್ಮದೇ ಹಣ.

ಇನ್ನೊಂದು ಸೂಕ್ಷ್ಮ ಉಂಟು. ಕೊರೆದ ಕೂಡಲೇ ನೆಲ ಸ್ವಲ್ಪ ಒಳಕ್ಕೆ ಸರಿಯುತ್ತದೆ. ಸ್ವಲ್ಪ ಸರಿಯಲು ಬಿಟ್ಟರೆ ಅದು ತನ್ನ ಕಮಾನು ತಾನೇ ಕಟ್ಟಿಕೊಳ್ಳುತ್ತದೆ, ಹೆಚ್ಚು ಬಿಟ್ಟರೆ ಬಿದ್ದೇ ಹೋಗುತ್ತದೆ. ಈ ನಡುವಿನ ಹೊತ್ತನ್ನು ಹಿಡಿಯುವ ವಿಧಾನಕ್ಕೆ 1960ರ ದಶಕದಲ್ಲಿ ರಾಬ್‌ಸೆವಿಚ್ ಎಂಬ ಆಸ್ಟ್ರಿಯಾದ ಎಂಜಿನಿಯರ್ ಹೆಸರು ಕೊಟ್ಟರು. ‘ಹೊಸ ಆಸ್ಟ್ರಿಯನ್ ಸುರಂಗ ವಿಧಾನ’, ಅಂದರೆ ನಾಟ್ಮ್. ನಮ್ಮ ದೇಶದ ಬಹಳಷ್ಟು ಗುಡ್ಡದ ಸುರಂಗಗಳನ್ನು ಈಗ ಈ ವಿಧಾನದಲ್ಲೇ ಮಾಡುತ್ತಾರೆ.

ಅಂಕಿ ಇದ್ದರೆ ಸಾಲದು, ಓದಬೇಕು

ನಾಟ್ಮ್‌ನ ಜೀವ ಇರುವುದು ಅಳತೆಯಲ್ಲಿ. ಸುರಂಗದ ಗೋಡೆಗೆ ಗುರುತುಗಳನ್ನು ಕೂರಿಸಿ ಅವು ಎಷ್ಟು ಮಿಲಿಮೀಟರ್ ಸರಿದವು ಅಂತ ದಿನಾ ಅಳೆದು ಗ್ರಾಫ್ ಹಾಕುತ್ತಾರೆ. ಗೆರೆ ದಿನೇ ದಿನೇ ಚಪ್ಪಟೆಯಾಗುತ್ತಾ ಬಂದರೆ ಸಮಾಧಾನ. ಚಪ್ಪಟೆಯಾದ ಗೆರೆ ಮತ್ತೆ ಮೇಲಕ್ಕೆ ಎದ್ದಿತು ಅಂದರೆ ನೆಲ ಏನೋ ಹೇಳುತ್ತಿದೆ ಅಂತ ಅರ್ಥ.

1994ರ ಅಕ್ಟೋಬರ್ 21ರ ರಾತ್ರಿ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ಅಡಿಯಲ್ಲಿ ರೈಲು ಸುರಂಗಗಳು ಕುಸಿದವು. ಕೆಲಸಗಾರರು ಹೊರಗೆ ಬಂದಿದ್ದರಿಂದ ಯಾರೂ ಸಾಯಲಿಲ್ಲ. ಆಮೇಲೆ ತನಿಖೆ ಆದಾಗ ಗೊತ್ತಾದದ್ದು, ನೆಲ ಸರಿಯುತ್ತಿದೆ ಎಂಬ ಅಂಕಿಗಳು ಮೊದಲೇ ಕೈಯಲ್ಲಿದ್ದವು. ಅಳೆಯುವ ಉಪಕರಣ ತನ್ನ ಕೆಲಸ ಮಾಡಿತ್ತು. ಅಂಕಿಯ ಅರ್ಥ ತಿಳಿದು “ನಿಲ್ಲಿಸಿ” ಅಂತ ಹೇಳುವ ಕೆಲಸ ಸಮಯಕ್ಕೆ ಆಗಿರಲಿಲ್ಲ.

ನಮ್ಮ ದೇಶದ್ದು ಎಲ್ಲರಿಗೂ ನೆನಪಿದೆ. 2023ರ ನವೆಂಬರ್ 12, ದೀಪಾವಳಿಯ ಬೆಳಗ್ಗೆ ಉತ್ತರಾಖಂಡದ ಸಿಲ್ಕ್ಯಾರಾ ಸುರಂಗ ಕುಸಿಯಿತು. 41 ಕಾರ್ಮಿಕರು ಒಳಗೆ. ತಪ್ಪಿಸಿಕೊಳ್ಳಲು ಬೇರೆ ದಾರಿ ಆಗಿರಲಿಲ್ಲ. ಸಣ್ಣ ಪೈಪಿನಲ್ಲಿ ಗಾಳಿ, ಊಟ. ದೊಡ್ಡ ಪೈಪು ತೂರಿಸಲು ತಂದ ಯಂತ್ರ ಕೊನೆಯ ಹತ್ತು ಹನ್ನೆರಡು ಮೀಟರ್ ಇರುವಾಗ ಮುರಿದು ನಿಂತಿತು. ಆಗ ಬಂದವರು ಇಲಿ ಬಿಲದಂಥ ಕಿಂಡಿಯಲ್ಲಿ ಕೈಯಿಂದ ಅಗೆಯುವ ಹನ್ನೆರಡು ಮಂದಿ. ವಕೀಲ್ ಹಸನ್, ಮುನ್ನಾ ಖುರೇಷಿ ಮತ್ತಿತರರು. ಹಿಂದೂಗಳೂ ಮುಸ್ಲಿಮರೂ ಸೇರಿದ್ದ ಆ ತಂಡ ಸರದಿಯಲ್ಲಿ ಪೈಪಿನೊಳಗೆ ಮಲಗಿ ಅಗೆದು ದಾರಿ ಮಾಡಿತು. ನವೆಂಬರ್ 28ರಂದು 41 ಮಂದಿಯೂ ಹೊರಬಂದರು.

ಆ ಹನ್ನೆರಡು ಮಂದಿಯ ಕೈಗೆ ಎಷ್ಟು ಸಲಾಂ ಹೇಳಿದರೂ ಕಡಿಮೆ. ಆದರೆ ಪ್ರತಿ ಸಲ ಹಾಗೆ ಆಗುವುದಿಲ್ಲ. 2025ರ ಫೆಬ್ರವರಿ 22ರಂದು ತೆಲಂಗಾಣದ ಶ್ರೀಶೈಲಂ ಎಡದಂಡೆ ಕಾಲುವೆಯ ಸುರಂಗದೊಳಗೆ ನೀರು, ಕೆಸರು ನುಗ್ಗಿ ಎಂಟು ಮಂದಿ ಸಿಕ್ಕಿಬಿದ್ದರು. ಅಲ್ಲಿಗೂ ಇದೇ ರೀತಿ ಕೈಯಿಂದ ಅಗೆಯುವವರು ಹೋದರು, ಸೈನ್ಯ ಹೋಯಿತು. ಒಬ್ಬರೂ ಜೀವಂತ ಬರಲಿಲ್ಲ. ಅಂಥ ಹೊತ್ತು ಬಾರದ ಹಾಗೆ ನೋಡಿಕೊಳ್ಳುವುದು ಇಡೀ ಯೋಜನೆಯ ಹೊಣೆ. ಅದರಲ್ಲಿ ನೆಲವನ್ನು ಓದಬಲ್ಲವರ ಪಾಲು ದೊಡ್ಡದು.

ಎಲ್ಲಿ ಓದಬಹುದು?

ಸಿವಿಲ್ ಬಿ.ಇ.ಯಲ್ಲಿ ಮನೆ, ರಸ್ತೆ, ಸೇತುವೆ, ನೀರು ಎಲ್ಲವೂ ಇರುವುದರಿಂದ ಸುರಂಗಕ್ಕೆ ಸಿಗುವ ಜಾಗ ಸಣ್ಣದು. ಸ್ನಾತಕೋತ್ತರದಲ್ಲಿ ಭೂವಿಜ್ಞಾನ, ಬಂಡೆಯ ಬಲ, ಮಣ್ಣಿನ ಗುಣ, ಸಿಡಿತ, ಟಿಬಿಎಂ, ಆಧಾರದ ವಿನ್ಯಾಸ, ಕಂಪ್ಯೂಟರಿನಲ್ಲಿ ನೆಲದ ನಡತೆ ಲೆಕ್ಕ ಹಾಕುವುದು, ಗಾಳಿ ವ್ಯವಸ್ಥೆ, ಬೆಂಕಿ ಸುರಕ್ಷೆ, ಗುತ್ತಿಗೆಯಲ್ಲಿ ಅಪಾಯ ಯಾರ ಮೇಲೆ ಎಂಬುದು, ಇಷ್ಟೂ ಬರುತ್ತದೆ.

ಜಾರ್ಖಂಡಿನ ಧನಬಾದ್‌ನಲ್ಲಿರುವ ಐಐಟಿ, 1926ರಲ್ಲಿ ಗಣಿ ಶಾಲೆಯಾಗಿ ಶುರುವಾದದ್ದು. ಅಲ್ಲಿ ಸುರಂಗ ಮತ್ತು ನೆಲದಡಿ ನಿರ್ಮಾಣದ್ದೇ ಎಂ.ಟೆಕ್ ಉಂಟು. ನಮ್ಮ ಮನೆ ಬಾಗಿಲಲ್ಲೇ ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಗಣಿ ಎಂಜಿನಿಯರಿಂಗ್ ವಿಭಾಗವೇ ಇದೆ. ಕೊಂಕಣ ರೈಲಿನ ದಾರಿ ಮುಗಿಯುವ ತೋಕೂರಿಗೆ ಅಲ್ಲಿಂದ ಎಷ್ಟು ದೂರ, ನೀವೇ ಹೇಳಿ. ಮೂರು ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿದಿದ್ದ ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಆದರೆ ಅಲ್ಲಿ ಹುಟ್ಟಿದ ರಾಷ್ಟ್ರೀಯ ಶಿಲಾ ಬಲವಿಜ್ಞಾನ ಸಂಸ್ಥೆ ಇಂದಿಗೂ ದೇಶದ ಸುರಂಗ, ಅಣೆಕಟ್ಟುಗಳಿಗೆ ಸಲಹೆ ಕೊಡುತ್ತಿದೆ. ಈ ವಿದ್ಯೆ ಕರ್ನಾಟಕಕ್ಕೆ ಹೊಸದಲ್ಲ.

ಐಐಟಿ, ಎನ್‌ಐಟಿಗಳ ಎಂ.ಟೆಕ್‌ಗೆ ಗೇಟ್ ಪರೀಕ್ಷೆ ಬರೆಯಬೇಕು. ಸಿವಿಲ್‌ನವರು ಸಿವಿಲ್ ಪತ್ರಿಕೆ, ಗಣಿಯವರು ಗಣಿ ಪತ್ರಿಕೆ ಬರೆಯುತ್ತಾರೆ. ಭೂವಿಜ್ಞಾನ ಓದಿದವರಿಗೂ ಬೇರೆ ಪತ್ರಿಕೆ ಉಂಟು, ಆದರೆ ಯಾವ ಕೋರ್ಸಿಗೆ ಯಾವ ಪತ್ರಿಕೆ ನಡೆಯುತ್ತದೆ ಅಂತ ಮೊದಲೇ ನೋಡಿಕೊಳ್ಳಬೇಕು. ಗೇಟ್ ಮೂಲಕ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಈ ಒಂದು ವಿಷಯ ನಮ್ಮ ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಎರಡು ವರ್ಷ ಮಗ ಪೂರ್ತಿ ಮನೆಯ ಮೇಲೆ ಭಾರ ಅಂತ ತಿಳಿದು ಎಂ.ಟೆಕ್‌ನ ಮಾತೇ ಎತ್ತುವುದಿಲ್ಲ.

ಹೊರದೇಶದಲ್ಲಿ ಇಟಲಿಯ ಟೊರಿನೊ, ಇಂಗ್ಲೆಂಡಿನ ವಾರ್ವಿಕ್ ವಿಶ್ವವಿದ್ಯಾಲಯಗಳು ಸುರಂಗದ್ದೇ ಸ್ನಾತಕೋತ್ತರ ಕೋರ್ಸ್ ನಡೆಸಿವೆ. ಆಸ್ಟ್ರಿಯಾದಲ್ಲಿ ಗ್ರಾಜ್ ಮತ್ತು ಲಿಯೋಬೆನ್ ವಿಶ್ವವಿದ್ಯಾಲಯಗಳು ಸೇರಿ ನಾಟ್ಮ್ ಕಲಿಸುತ್ತವೆ. ಲಿಯೋಬೆನ್‌ನವರು ಎರ್ಜ್‌ಬರ್ಗ್ ಎಂಬ ಕಬ್ಬಿಣದ ಗುಡ್ಡದಲ್ಲಿ ಕಲಿಕೆಗಾಗಿಯೇ ನಿಜವಾದ ರಸ್ತೆ ಮತ್ತು ರೈಲು ಸುರಂಗಗಳನ್ನು ಕೊರೆದಿಟ್ಟಿದ್ದಾರೆ. ಸುರಂಗದಲ್ಲಿ ಬೆಂಕಿ ಬಿದ್ದರೆ ಏನು ಮಾಡಬೇಕು ಅಂತ ಅಲ್ಲಿ ನಿಜವಾಗಿಯೂ ಬೆಂಕಿ ಹಚ್ಚಿ ಕಲಿಸುತ್ತಾರೆ. ವಿದೇಶದ ಓದಿಗೆ ಖರ್ಚು ದೊಡ್ಡದು. ಸಾಲ ಮಾಡಿ ಹೋಗುವ ಮೊದಲು ಒಂದೆರಡು ವರ್ಷ ಇಲ್ಲೇ ಸುರಂಗದ ಕೆಲಸದಲ್ಲಿ ನಿಂತು ನೋಡುವುದು ಒಳ್ಳೆಯದು.

ಗಲ್ಫೂ ಬೇಕು, ಓದೂ ಬೇಕು

ತಂದೆಯ ಚಿಂತೆ ಹುರುಳಿಲ್ಲದ್ದಲ್ಲ. ಮನೆಯ ಸಾಲ, ತಂಗಿಯ ಮದುವೆ, ವಯಸ್ಸಾದ ಉಮ್ಮನ ಮದ್ದು, ಎಲ್ಲ ಇರುತ್ತದೆ. ಆದರೆ ಗಲ್ಫ್ ಕೂಡ ಹಿಂದಿನ ಗಲ್ಫ್ ಅಲ್ಲ. ದೋಹಾ ಮೆಟ್ರೊಗೆ 21 ಟಿಬಿಎಂಗಳು ಕೆಲಸ ಮಾಡಿದವು, ಅದು ಗಿನ್ನೆಸ್ ದಾಖಲೆಯಾಯಿತು. ರಿಯಾದ್‌ನಲ್ಲಿ 176 ಕಿ.ಮೀ. ಮೆಟ್ರೊ 2024ರ ಡಿಸೆಂಬರ್‌ನಲ್ಲಿ ಓಡಲು ಶುರುವಾಯಿತು. ಇಂಥ ಕಡೆ ಸೈಟಿನಲ್ಲಿ ನಿಂತು ಲೆಕ್ಕ ಬರೆಯುವವನೂ ಬೇಕು, ನೆಲ ನೋಡಿ ತೀರ್ಮಾನ ಕೊಡುವವನೂ ಬೇಕು. ಇಬ್ಬರಿಗೂ ವೀಸಾ ಸಿಗುತ್ತದೆ, ಆದರೆ ಎರಡನೆಯವನ ಕುರ್ಚಿಗೆ ಓದು ಬೇಕು. ಇಲ್ಲಿಯವರೆಗೆ ನಮ್ಮ ಹುಡುಗರು ಹೆಚ್ಚಾಗಿ ಮೊದಲನೆಯ ಜಾಗದಲ್ಲೇ ನಿಂತಿದ್ದಾರೆ.

ಹೆಣ್ಮಕ್ಕಳಿಗೆ ಆಗುತ್ತದಾ ಅಂತಲೂ ಕೇಳುವವರಿದ್ದಾರೆ. ಬೆಂಗಳೂರು ಮೆಟ್ರೊದಲ್ಲಿ ‘ಗೋದಾವರಿ’ ಎಂಬ ಟಿಬಿಎಂ ನಡೆಸಿದವರು ಆನಿ ಸಿನ್ಹಾ ರಾಯ್ ಎಂಬ ಮಹಿಳಾ ಎಂಜಿನಿಯರ್. ಬಂಡೆಯ ಪರೀಕ್ಷೆ, ವಿನ್ಯಾಸ, ಅಳತೆಯ ವಿಶ್ಲೇಷಣೆ ಇವೆಲ್ಲ ಪ್ರಯೋಗಾಲಯ, ಕಚೇರಿಯಲ್ಲೂ ನಡೆಯುವ ಕೆಲಸ. ನಮ್ಮ ಹೆಣ್ಮಕ್ಕಳು ಈಗ ಎಂಜಿನಿಯರಿಂಗ್ ಕಾಲೇಜಿಗೆ ಹೋಗುತ್ತಿದ್ದಾರೆ, ಅಂಕವೂ ಚೆನ್ನಾಗಿ ತೆಗೆಯುತ್ತಿದ್ದಾರೆ. ಅವರಿಗೂ ಈ ದಾರಿ ಹೇಳಬೇಕು.

ಕಷ್ಟವನ್ನೂ ಮುಚ್ಚಿಡಬಾರದು. ಸುರಂಗದ ಕೆಲಸ ಊರಿಂದ ದೂರ, ಹೆಚ್ಚಾಗಿ ಗುಡ್ಡಗಾಡಿನಲ್ಲಿ. ರಾತ್ರಿ ಪಾಳಿ ಇರುತ್ತದೆ. ಧೂಳು, ಸದ್ದು, ತೇವ ಇರುತ್ತದೆ. ಗುತ್ತಿಗೆದಾರ “ಬೇಗ ಬೇಗ” ಅಂತ ಒತ್ತುವಾಗ “ಇವತ್ತು ಒಂದೇ ಮೀಟರ್” ಅಂತ ಹೇಳಲು ಧೈರ್ಯ ಬೇಕು. ಯಾವ ವಿಶ್ವವಿದ್ಯಾಲಯವೂ ಆ ಧೈರ್ಯವನ್ನು ಪ್ರಮಾಣಪತ್ರದ ಜೊತೆ ಕಟ್ಟಿ ಕೊಡುವುದಿಲ್ಲ. ಹತ್ತು ಮಂದಿಯ ಜೀವ ಕೈಗೆ ಕೊಟ್ಟ ಅಮಾನತ್ ಅಂತ ತಿಳಿದವನಿಗೆ ಮಾತ್ರ ಅದು ಬರುತ್ತದೆ. ಅಂಥ ಮನಸ್ಸಿಲ್ಲದೆ ಬರೀ ಸಂಬಳ ನೋಡಿ ಈ ಕಡೆ ಹೋಗುವುದು ಬೇಡ ಅಂತಲೂ ಹೇಳುತ್ತೇವೆ.

ಪಿಯುಸಿಯಲ್ಲಿ ವಿಜ್ಞಾನ ಓದುತ್ತಿರುವ ಮಕ್ಕಳು ಗಣಿತ, ಭೌತಶಾಸ್ತ್ರ ಗಟ್ಟಿ ಮಾಡಿಕೊಳ್ಳಲಿ. ಸಿವಿಲ್ ಓದುತ್ತಿರುವವರು ಭೂವಿಜ್ಞಾನದ ಪತ್ರಿಕೆಯನ್ನು ‘ಪಾಸಾದರೆ ಸಾಕು’ ಅಂತ ಬಿಡುವುದು ಬೇಡ. ಗೇಟ್‌ಗೆ ಮೂರನೇ ವರ್ಷದಿಂದಲೇ ತಯಾರಿ ಬೇಕು. ಮನೆಯ ಹಿರಿಯರು ಮಾಡಬೇಕಾದದ್ದು ಇಷ್ಟೇ: ‘ಗುಂಡಿ ತೋಡುವ ಓದು’ ಅಂತ ನಗುವ ಮೊದಲು ಮಗನನ್ನೋ ಮಗಳನ್ನೋ ಕೂರಿಸಿ ಅರ್ಧ ಗಂಟೆ ಕೇಳಿ. ಐದನೇ ದರ್ಜೆಯ ಕಲ್ಲು ಕೂಡ ಅಷ್ಟು ಹೊತ್ತು ಕಾಯುತ್ತದೆ.